ಎಸಿ ಕೊಳ್ಳುವ ಮೊದಲು ಪಶ್ಚಿಮದ ಗೋಡೆ ನೋಡಿ, ಸ್ಲ್ಯಾಬ್ ನೋಡಿ

ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ರಸ್ತೆ ಪಶ್ಚಿಮಕ್ಕಿದ್ದರೆ ಸಾಕು, ಎಲಿವೇಶನ್ ಚಂದ ಕಾಣಲೆಂದು ಎರಡಂತಸ್ತಿನುದ್ದಕ್ಕೂ ಗಾಜು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರು ದಾಟಿತೆಂದರೆ ಇಳಿಬಿಸಿಲು ನೇರ ಹಾಲ್‌ಗೆ ನುಗ್ಗುತ್ತದೆ. ಆಮೇಲೆ ದಪ್ಪ ಪರದೆ, ಹಗಲಲ್ಲೇ ಲೈಟು, ಕೊನೆಗೆ ಎಸಿ.

ಪಶ್ಚಿಮದ ಬಿಸಿಲು ಅಡ್ಡಲಾಗಿ ಬರುವುದರಿಂದ ಒಂದೂವರೆ ಅಡಿ ಸಜ್ಜಾಕ್ಕೆ ಅದು ಬಗ್ಗುವುದಿಲ್ಲ. ದಕ್ಷಿಣದ ಮಾತು ಬೇರೆ, ನಮ್ಮಲ್ಲಿ ಡಿಸೆಂಬರ್ ನಡುಹಗಲಲ್ಲೂ ಸೂರ್ಯ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಅಲ್ಲಿ ಸಜ್ಜಾ ಕೆಲಸಕ್ಕೆ ಬರುತ್ತದೆ. ಹಾಗಾಗಿ ಪಶ್ಚಿಮಕ್ಕೆ ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ ಇರಲಿ. ‘ಗಾಳಿ ಬರೋದೇ ಆ ಕಡಿಂದ ಅಲ್ಲರೀ’ ಎನ್ನುತ್ತಾರೆ. ಖರೆ, ಮುಂಗಾರಿನ ಗಾಳಿ ಅತ್ತಲಿಂದಲೇ. ಅದಕ್ಕೆ ಮರದ ಬಾಗಿಲಿನ ಸಣ್ಣ ಕಿಟಕಿ, ಎದುರಿಗೆ ಪೂರ್ವದಲ್ಲಿ ಅದಕ್ಕಿಂತ ದೊಡ್ಡದೊಂದು ಇಡಿ. ಗಾಳಿ ಚೆನ್ನಾಗಿಯೇ ಆಡುತ್ತದೆ.

ಇದಕ್ಕಿಂತ ದೊಡ್ಡ ತಾಪ ಸ್ಲ್ಯಾಬಿನದು. ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮೇ ಆರಂಭದಲ್ಲಿ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್‌ನಲ್ಲೂ ಒಮ್ಮೆ ಬರುತ್ತಾನೆ, ಆಗ ಮೋಡ ನಮ್ಮನ್ನು ಕಾಯುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ನಾವು ಮಲಗುವ ಹೊತ್ತಿಗೆ ಆ ಬಿಸಿಯನ್ನು ಕೋಣೆಗೆ ಬಿಡುತ್ತದೆ, ಫ್ಯಾನು ಅದನ್ನೇ ನಮ್ಮ ಮೈಮೇಲೆ ತಳ್ಳುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋದ 2018ರ ಇಕೋ-ನಿವಾಸ್ ಸಂಹಿತೆಯ ಪ್ರಕಾರ ಚಾವಣಿಯ ಒಂದು ಚದರ ಮೀಟರಿನಲ್ಲಿ, ಒಳಗೂ ಹೊರಗೂ ಇರುವ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ, 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಸ್ಲ್ಯಾಬಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚೇ ದಾಟುತ್ತದೆ. ಎಲಿವೇಶನ್ನಿಗೆ ಲಕ್ಷಗಟ್ಟಲೆ ಸುರಿಯುವವರು ಚಾವಣಿಗೆ ಶಾಖ ತಡೆಯುವ ಒಂದು ಪದರ ಹಾಕಿಸಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗುವುದಿಲ್ಲ.

ಗದಗ, ರೋಣದ ಕಡೆಯ ಮಾಳಿಗೆ ಮನೆಗಳಲ್ಲಿ ಜಂತೆಯ ಮೇಲಿನ ದಪ್ಪ ಮಣ್ಣೇ ಆ ಪದರವಾಗಿತ್ತು. ಬೆಳಕಿಂಡಿಯಿಂದ ಬೆಳಕು ಒಳಗೆ ಬರುತ್ತಿತ್ತು, ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಈಗ ಮಾಳಿಗೆ ಹಾಕಿ ಎಂದು ಹೇಳುತ್ತಿಲ್ಲ, ಮಳೆಗಾಲ ಬಂತೆಂದರೆ ಮಣ್ಣು ಹಾಕಿ ಬಡಿಯುವವರು ಸಿಗುವುದಿಲ್ಲ. ಆದರೆ ಟೆರೇಸಿಗೆ ಹೋಗುವ ಮೆಟ್ಟಿಲ ಕೋಣೆಯ ಗೋಡೆಯಲ್ಲಿ ಎತ್ತರಕ್ಕೊಂದು ವೆಂಟಿಲೇಟರ್ ಇಟ್ಟರೆ ಬೆಳಕಿಂಡಿಯ ಕೆಲಸ ಅದು ಮಾಡುತ್ತದೆ. ರಾತ್ರಿ ಕಿಟಕಿ ತೆರೆದಿಡಿ, ಬಿಸಿಲೇರುವ ಮುಂಚೆ ಮುಚ್ಚಿ. ಧಾರವಾಡದಂಥ ರಾತ್ರಿ ಇದ್ದೂ ಅದನ್ನು ಹೊರಗೇ ನಿಲ್ಲಿಸುವುದು ಅನ್ಯಾಯ.

ಮನೆ ಕಟ್ಟಿ ಮುಗಿದವರು ಯುಗಾದಿಗೆ ಮುಂಚೆ ಟೆರೇಸಿಗೆ ಸುಣ್ಣ ಬಳಿಸಿ, ಅನುಕೂಲವಿದ್ದರೆ ಬಿಳಿ ಟೈಲ್ಸ್ ಚೂರು ಹಾಕಿಸಿ. ಕಟ್ಟಬೇಕೆಂದಿರುವವರು ಎಂಜಿನಿಯರ್ ಮೊದಲ ನಕ್ಷೆ ತಂದ ದಿನವೇ ಮಲಗುವ ಕೋಣೆ ಯಾವ ದಿಕ್ಕಿಗಿದೆ, ಚಾವಣಿಯ ಮೇಲೆ ಏನು ಹಾಕುತ್ತೀರಿ ಎಂದು ಕೇಳಿ.