ಎಲ್ಲರನ್ನೂ ಒಂದೆಡೆ ಕೂರಿಸಿ ಮಾತನಾಡಿಸಿದರೆ ಸಮತೆ ಬಂದೀತೇ?

ಭಾಷೆ, ಜನಾಂಗ, ಧರ್ಮ, ಲಿಂಗ, ವಯಸ್ಸು, ಅಂಗವೈಕಲ್ಯ, ಆದಾಯ ಇವುಗಳಲ್ಲಿ ಬೇರೆ ಬೇರೆ ನೆಲೆಯಲ್ಲಿರುವ ಜನರನ್ನು ಒಂದೆಡೆ ಸೇರಿಸಿ, ಯಾರು ಒಳಗಿದ್ದಾರೆ, ಯಾರು ಹೊರಗುಳಿದಿದ್ದಾರೆ, ಯಾರಿಗೆ ಸಲ್ಲಬೇಕಾದ ಪಾಲು ಸಲ್ಲುತ್ತಿಲ್ಲ ಎಂದು ಚರ್ಚಿಸುವುದು ಅಸಮಾನತೆಯನ್ನು ತಗ್ಗಿಸುವ ಕೆಲಸಕ್ಕೆ ಸರಿಯಾದ ಆರಂಭವೇ? ಮುಂದಿನ ಎರಡು ಬರಹಗಳೂ ನನ್ನವೇ. ಎರಡನೆಯದನ್ನು ಬರೆಯುವಾಗ ಕೈ ಹೆಚ್ಚು ಸರಾಗವಾಗಿ ಓಡಿತು ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ.

ಪರ

ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ರಸ್ತೆ ದಾಟುವ ತಾಣಗಳಲ್ಲಿ, ಕಾಲಿಗೆ ತಾಗುವಂತೆ ಉಬ್ಬುಗಳಿರುವ ಹಳದಿ ಹಾಸುಗಲ್ಲುಗಳನ್ನು ಇಂದು ಜಗತ್ತಿನ ಅನೇಕ ನಗರಗಳಲ್ಲಿ ಕಾಣಬಹುದು. 1965ರಲ್ಲಿ ಅವನ್ನು ರೂಪಿಸಿದವರು ಜಪಾನಿನ ಸೇಯಿಚಿ ಮಿಯಾಕೆ. ಅದರ ಹಿಂದಿದ್ದದ್ದು ದೃಷ್ಟಿ ಕಳೆದುಕೊಳ್ಳುತ್ತಿದ್ದ ಅವರ ಗೆಳೆಯರೊಬ್ಬರ ಕಷ್ಟ. 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯೊಂದರ ಬಳಿ ಮೊದಲ ಬಾರಿಗೆ ಅವನ್ನು ರಸ್ತೆಗೆ ಹಾಸಲಾಯಿತು. ಅಲ್ಲಿಯವರೆಗೆ ರಸ್ತೆ ಕಟ್ಟುತ್ತಿದ್ದ ಎಂಜಿನಿಯರುಗಳು ದಡ್ಡರೂ ಅಲ್ಲ, ಕಲ್ಲೆದೆಯವರೂ ಅಲ್ಲ. ನಡೆದಾಡುವ ದಾರಿ ಎಲ್ಲಿ ಮುಗಿದು ವಾಹನಗಳ ದಾರಿ ಎಲ್ಲಿ ಮೊದಲಾಗುತ್ತದೆ ಎಂಬುದು ಕಣ್ಣಿದ್ದವರಿಗೆ ಒಂದು ಪ್ರಶ್ನೆಯೇ ಆಗಿರಲಿಲ್ಲ, ಅಷ್ಟೆ.

ಜನರು ಹೊರಗುಳಿಯುವುದು ಹೆಚ್ಚಾಗಿ ಹೀಗೆಯೇ. ಅದರಲ್ಲಿ ದ್ವೇಷದ ಪಾತ್ರಕ್ಕಿಂತ ಗೈರುಹಾಜರಿಯ ಪಾತ್ರ ದೊಡ್ಡದು. ಸಭೆಯ ಹೊತ್ತನ್ನು ಗೊತ್ತುಮಾಡುವವರಿಗೆ ರಾತ್ರಿ ಪಾಳಿಯ ಕೆಲಸವಿರುವುದಿಲ್ಲ; ಅರ್ಜಿ ನಮೂನೆಯನ್ನು ಸಿದ್ಧಪಡಿಸುವವರಿಗೆ ಅದರ ಭಾಷೆ ಮನೆಮಾತಾಗಿರುತ್ತದೆ; ಕಟ್ಟಡದ ನಕ್ಷೆ ಬರೆಯುವವರು ಮೆಟ್ಟಿಲನ್ನು ಮೆಟ್ಟಿಲೆಂದು ಗಮನಿಸದೆಯೇ ಹತ್ತಿಬಿಡುತ್ತಾರೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ಹಂಚುವುದು ಸಮಾನತೆಯಾದರೆ, ಅವರವರ ಮೈಗೆ ಒಪ್ಪುವ ಅಂಗಿ ಕೊಡುವುದು ಸಮತೆ. ಮೈಯ ಅಳತೆ ತೆಗೆಯದೆ ಈ ಎರಡನೆಯದು ಸಾಧ್ಯವಿಲ್ಲ, ಅಳತೆಯನ್ನು ಊಹಿಸಿ ಬರೆದುಕೊಳ್ಳುವ ದರ್ಜಿಯನ್ನು ಯಾರೂ ನಂಬುವುದೂ ಇಲ್ಲ. 'ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ' ಎಂದು ಅಂಗವಿಕಲರ ಚಳವಳಿ ದಶಕಗಳಿಂದ ಹೇಳುತ್ತಿರುವುದು ಇದನ್ನೇ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು, ಅಂಗವಿಕಲರಿಗೆ ಸಂಬಂಧಿಸಿದ ಕಾನೂನು ಮತ್ತು ನೀತಿಗಳನ್ನು ರೂಪಿಸುವಾಗ ಅವರ ಪ್ರಾತಿನಿಧಿಕ ಸಂಘಟನೆಗಳ ಮೂಲಕ ಅವರ ಅಭಿಪ್ರಾಯ ಕೇಳಲೇಬೇಕು ಎಂದು ಸರ್ಕಾರಗಳಿಗೆ ವಿಧಿಸಿತು. ಅಂದರೆ ಸಂವಾದವು ಇಲ್ಲಿ ಸೌಜನ್ಯವಾಗಿ ಉಳಿಯದೆ ಕರ್ತವ್ಯವಾಯಿತು.

ಜನರನ್ನು ಸುಮ್ಮನೆ ಒಂದು ಕೋಣೆಯಲ್ಲಿ ತುಂಬಿದರೆ ಪೂರ್ವಗ್ರಹ ಕರಗುತ್ತದೆ ಎಂದು ತಿಳಿದವರು ಯಾರೂ ಹೇಳಿಲ್ಲ. 1954ರಲ್ಲಿ ಹಾರ್ವರ್ಡಿನ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಈ ಬಗ್ಗೆ ಬರೆದಾಗಲೇ ಷರತ್ತುಗಳನ್ನು ಇಟ್ಟಿದ್ದರು: ಭೇಟಿಯ ಹೊತ್ತಿನಲ್ಲಾದರೂ ಎಲ್ಲರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಪೈಪೋಟಿಯಿಲ್ಲದೆ ಕೂಡಿಯೇ ಸಾಧಿಸುವಂತಿರಬೇಕು, ಅಧಿಕಾರದಲ್ಲಿರುವವರ ಅಥವಾ ಕಾನೂನಿನ ಬೆಂಬಲವಿರಬೇಕು. ಅರ್ಧ ಶತಮಾನದ ಬಳಿಕ, 2006ರಲ್ಲಿ, ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ ಅವರು 38 ದೇಶಗಳಲ್ಲಿ ನಡೆದ 515 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಗುಂಪುಗಳ ನಡುವಿನ ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯಿರುತ್ತದೆ, ಆಲ್‌ಪೋರ್ಟರ ಷರತ್ತುಗಳು ಪೂರೈಸಿದಲ್ಲಿ ಪರಿಣಾಮ ಇನ್ನೂ ಬಲವಾಗಿರುತ್ತದೆ ಎಂದು ಕಂಡುಕೊಂಡರು.

ಷರತ್ತುಗಳನ್ನು ಗಂಭೀರವಾಗಿ ತೆಗೆದುಕೊಂಡರೆ ಏನಾಗಬಹುದು ಎಂಬುದಕ್ಕೆ ಐರ್ಲೆಂಡ್ ಒಳ್ಳೆಯ ನಿದರ್ಶನ. ಆ ದೇಶ 2012ರಲ್ಲಿ ಸಂವಿಧಾನ ಕುರಿತ 100 ಜನರ ಸಮಾವೇಶವೊಂದನ್ನು ರಚಿಸಿತು. ಅಧ್ಯಕ್ಷರೊಬ್ಬರನ್ನು ಬಿಟ್ಟರೆ 33 ಮಂದಿ ಶಾಸಕರು. ಉಳಿದ 66 ಮಂದಿ ವಯಸ್ಸು, ಲಿಂಗ, ಪ್ರದೇಶಗಳ ಸಮತೋಲನ ಉಳಿಯುವಂತೆ ಯಾದೃಚ್ಛಿಕವಾಗಿ ಆರಿಸಲಾದ ಸಾಮಾನ್ಯ ನಾಗರಿಕರು. ಇವರು ವಾರಾಂತ್ಯಗಳಲ್ಲಿ ಸೇರಿ, ಸಣ್ಣ ಸಣ್ಣ ಮೇಜುಗಳ ಸುತ್ತ ಕುಳಿತು, ತಜ್ಞರನ್ನೂ ನೇರವಾಗಿ ಬಾಧಿತರಾದವರನ್ನೂ ಆಲಿಸಿದರು. ಸಲಿಂಗ ವಿವಾಹದಂಥ, ಆ ಸಮಾಜದಲ್ಲಿ ಬಾಯಿಬಿಡುವುದೇ ಕಷ್ಟವಾಗಿದ್ದ ವಿಷಯದಲ್ಲಿ 2013ರಲ್ಲಿ ಶೇ 79ರಷ್ಟು ಸದಸ್ಯರು ಬದಲಾವಣೆಯ ಪರವಾಗಿ ಮತ ಹಾಕಿದರು. 2015ರ ಮೇ ತಿಂಗಳ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ 62ರಷ್ಟು ಮಂದಿ ಅದನ್ನು ಒಪ್ಪಿದರು. ರಾಜಕೀಯ ಪಕ್ಷಗಳು ದಶಕಗಳಿಂದ ಮುಟ್ಟಲು ಹೆದರುತ್ತಿದ್ದ ಗರ್ಭಪಾತದ ಪ್ರಶ್ನೆಯೂ ಮುಂದೆ 99 ನಾಗರಿಕರ ಸಭೆಯೊಂದರ ಮೂಲಕವೇ ಹಾದು 2018ರ ಜನಮತಗಣನೆಗೆ ಹೋಯಿತು. ಈ ಸಭೆಗಳೇ ದೇಶದ ಮನಸ್ಸನ್ನು ಬದಲಿಸಿದವು ಎಂದರೆ ಅತಿಶಯೋಕ್ತಿ. ಬದಲಾಗಿದ್ದ ಮನಸ್ಸಿಗೆ ಒಂದು ಬಾಗಿಲನ್ನಂತೂ ತೆರೆದವು.

ಮಾತು ಹಣದ ಲೆಕ್ಕವನ್ನೂ ಮುಟ್ಟಬಲ್ಲದು. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ತನ್ನ ಬಜೆಟ್ಟಿನ ಆದ್ಯತೆಗಳನ್ನು ನಿವಾಸಿಗಳ ಬಹಿರಂಗ ಸಭೆಗಳಲ್ಲಿ ನಿರ್ಧರಿಸುವ ಪದ್ಧತಿಯನ್ನು ಆರಂಭಿಸಿತು. ಚರಂಡಿಯೂ ಡಾಂಬರೂ ಕಾಣದ ಬಡಾವಣೆಗಳ ಜನ ಅಲ್ಲಿ ಬಂದು, ಯಾವ ಬೀದಿ ಮೊದಲು ಎಂದು ತಮ್ಮ ತಮ್ಮಲ್ಲೇ ವಾದಿಸಿ ತೀರ್ಮಾನಿಸಿದರು.

ಇಂಥ ಸಭೆಗಳಲ್ಲಿ ಬಲಾಢ್ಯರ ಧ್ವನಿಯೇ ಮೇಲಾಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಅದು ಸಭೆಯನ್ನು ಚೆನ್ನಾಗಿ ನಡೆಸಬೇಕೆಂಬುದಕ್ಕೆ ವಾದವಾಗುತ್ತದೆಯೇ ಹೊರತು ಸಭೆಯೇ ಬೇಡ ಎಂಬುದಕ್ಕೆ ಆಗುವುದಿಲ್ಲ. ಸಭೆಯನ್ನು ಕೈಬಿಟ್ಟರೆ ಬಲಾಢ್ಯರು ಮೌನವಾಗುವುದಿಲ್ಲ. ಬೇರೆಯವರಿಗೆ ಕೇಳಿಸದ ಜಾಗದಲ್ಲಿ ಮಾತನಾಡಿಕೊಳ್ಳುತ್ತಾರೆ. ಹೋರಾಟವೇ ದಾರಿ ಎನ್ನುವವರೂ ಒಂದನ್ನು ನೆನಪಿಡಬೇಕು: 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ ಬರೆದ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ನೇರ ಪ್ರತಿಭಟನೆಯ ಉದ್ದೇಶವೆಂದು ಹೇಳಿಕೊಂಡದ್ದು, ಮಾತುಕತೆಗೆ ಒಪ್ಪದವರನ್ನು ಮಾತುಕತೆಗೆ ಎಳೆದು ತರುವುದನ್ನೇ.

ವಿರೋಧ

ಕಿಂಗ್ ಅವರ ಅದೇ ಪತ್ರದಿಂದಲೇ ಆರಂಭಿಸುತ್ತೇನೆ. ಅದರಲ್ಲಿ ಅವರ ಕಟುವಾದ ನಿರಾಶೆ ವ್ಯಕ್ತವಾಗಿರುವುದು ನ್ಯಾಯಕ್ಕಿಂತ ಶಾಂತಿ ಕದಡದಿರುವುದೇ ಮುಖ್ಯವೆಂದುಕೊಂಡ, ಗುರಿಯನ್ನು ಒಪ್ಪುತ್ತೇವೆ ಆದರೆ ಸ್ವಲ್ಪ ಕಾಯಿರಿ ಎನ್ನುತ್ತಿದ್ದ ಸಜ್ಜನರ ಬಗ್ಗೆ. ಒಳಗೊಳ್ಳುವಿಕೆಯ ಸಂವಾದಗಳನ್ನು ಏರ್ಪಡಿಸುವವರು ಹೆಚ್ಚಾಗಿ ಈ ಸಜ್ಜನರೇ. ಅವರ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ, ತೊಡಕಿರುವುದೂ ಆ ಒಳ್ಳೆಯತನದಲ್ಲೇ. ಮಿಯಾಕೆಯವರ ಹಾಸುಗಲ್ಲಿನ ಕಥೆ ಚೆಂದದ್ದು, ಆದರೆ ಅದು ಒಂದು ಗೆಳೆತನದ ಕಥೆ. ಆಹ್ವಾನ ಪತ್ರಿಕೆ, ನಿರೂಪಕರು, ವಂದನಾರ್ಪಣೆ ಇರುವ ಸಭೆಯ ಕಥೆಯಲ್ಲ.

ಸಭೆಯ ಒಳಗೆ ನಡೆಯುವ ವಿನಿಮಯವನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಒಬ್ಬರು ತಮಗಾದ ಅವಮಾನವನ್ನು ಅಪರಿಚಿತರ ಮುಂದೆ ಬಿಚ್ಚಿಡುತ್ತಾರೆ. ಇನ್ನೊಬ್ಬರು ಅದನ್ನು ಕೇಳಿ ಕಲಿಯುತ್ತಾರೆ. ಮೊದಲನೆಯವರು ಹೊಸದೇನನ್ನೂ ಕಲಿಯುವುದಿಲ್ಲ, ಏಕೆಂದರೆ ಮೇಲಿರುವವರ ಮನಸ್ಸನ್ನು ಓದಿಕೊಳ್ಳದೆ ಅವರಿಗೆ ಬದುಕು ಒಂದು ದಿನವೂ ಸಾಗಿಲ್ಲ. ಅಷ್ಟೇ ಅಲ್ಲ, ಕೇಳುವವರಿಗೆ ಮುಜುಗರವಾಗದ ದನಿಯಲ್ಲಿ ಹೇಳಬೇಕು, ಕೋಪ ಬರಬಾರದು, ಬಂದರೆ ವಿಷಯ ಅಲ್ಲಿಗೇ ನಿಂತು ಅವರ ಕೋಪವೇ ಚರ್ಚೆಯ ವಿಷಯವಾಗುತ್ತದೆ. ಗುಂಪಿನಲ್ಲಿ ಒಬ್ಬರೇ ಇದ್ದರಂತೂ ತಾವು ಎಂದೂ ಭೇಟಿಯಾಗದ ಲಕ್ಷಾಂತರ ಜನರ ಪರವಾಗಿ ಅವರೇ ಉತ್ತರಿಸಬೇಕು. ಸಭೆ ಮುಗಿದ ಮೇಲೆ ಕೇಳಿದವರು ಹಗುರಾಗಿ ಮನೆಗೆ ಹೋಗುತ್ತಾರೆ, ಹೇಳಿದವರು ಹೇಗೆ ಹೋಗುತ್ತಾರೆಂದು ವರದಿಯಲ್ಲಿ ಬರೆಯುವ ರೂಢಿಯಿಲ್ಲ.

ಪೂರ್ವಗ್ರಹ ತಗ್ಗುತ್ತದೆ ಎಂಬ 515 ಅಧ್ಯಯನಗಳ ಮಾತನ್ನು ಒಪ್ಪೋಣ. ಆದರೆ ಪೂರ್ವಗ್ರಹವೂ ಅಸಮಾನತೆಯೂ ಒಂದೇ ಅಲ್ಲ. ತಮಾರ್ ಸಾಗಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಈ ಅಂತರವನ್ನು ನಿಚ್ಚಳವಾಗಿ ತೋರಿಸಿತು. ಎರಡು ಗುಂಪುಗಳಲ್ಲಿ ಒಂದಕ್ಕೆ ಅಂಕಗಳನ್ನು ಹಂಚುವ ಅಧಿಕಾರ ಕೊಟ್ಟು, ಮೊದಲು ಇಬ್ಬರನ್ನೂ ಮಾತಿಗೆ ಕೂರಿಸಲಾಯಿತು. ತಮ್ಮ ನಡುವಿನ ಸಾಮ್ಯಗಳ ಬಗ್ಗೆ ಮಾತನಾಡಿದವರಲ್ಲಿ ಪರಸ್ಪರ ಅಭಿಮಾನ ಬೆಳೆಯಿತು. ಅಧಿಕಾರವಿಲ್ಲದ ಗುಂಪಿನವರು ಇನ್ನು ತಮಗೆ ನ್ಯಾಯವಾದ ಪಾಲು ಸಿಗುತ್ತದೆಂದು ನಿರೀಕ್ಷಿಸಿದರು. ಅಧಿಕಾರವಿದ್ದವರಾದರೋ, ಹಂಚುವ ಸಮಯ ಬಂದಾಗ ತಮ್ಮವರ ಕಡೆಗೇ ಹೆಚ್ಚು ಎಳೆದುಕೊಂಡರು. ಅಭಿಮಾನ ನಿಜವಾಗಿತ್ತು, ನಿರೀಕ್ಷೆ ಮಾತ್ರ ಸುಳ್ಳಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ನಂಬಿಕೆ ಹುಟ್ಟಿದವರು ತಮ್ಮ ಪಾಲನ್ನು ಕೇಳುವುದನ್ನೂ ನಿಲ್ಲಿಸುತ್ತಾರೆ. ಅನ್ಯಾಯದ ಅರಿವನ್ನು ಮಂಕಾಗಿಸಿ ಸೌಹಾರ್ದವನ್ನು ಬೆಳೆಸುವ ಸಭೆ ಯಾರ ಕೆಲಸವನ್ನು ಮಾಡಿಕೊಟ್ಟಂತಾಯಿತು?

ಒಡನಾಟದ ಫಲ ಸಭೆಯ ಹೊಸ್ತಿಲನ್ನು ದಾಟುತ್ತದೆಯೇ ಎಂಬುದೂ ಖಚಿತವಿಲ್ಲ. ಉತ್ತರ ಇರಾಕಿನಲ್ಲಿ ಐಸಿಸ್ ದಾಳಿಯಿಂದ ನೆಲೆ ತಪ್ಪಿದ್ದ ಕ್ರೈಸ್ತ ಆಟಗಾರರನ್ನು ಸಂಶೋಧಕಿ ಸಲ್ಮಾ ಮೂಸಾ ಫುಟ್ಬಾಲ್ ಲೀಗುಗಳಲ್ಲಿ ಎರಡು ಬಗೆಯ ತಂಡಗಳಿಗೆ ಹಂಚಿದರು: ಕೆಲವು ತಂಡಗಳಲ್ಲಿ ಕ್ರೈಸ್ತರಷ್ಟೇ, ಉಳಿದವುಗಳಲ್ಲಿ ಮುಸ್ಲಿಮರೂ ಇದ್ದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಿಶ್ರ ತಂಡಗಳಲ್ಲಿ ಆಡಿದವರು ತಾವು ಬಲ್ಲ ಮುಸ್ಲಿಂ ಆಟಗಾರರೊಂದಿಗೆ ತಿಂಗಳುಗಳ ನಂತರವೂ ಬೆರೆಯುತ್ತಿದ್ದರು; ಅಪರಿಚಿತ ಮುಸ್ಲಿಮರ ಬಗೆಗಿನ ನಡವಳಿಕೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 'ನೀವು ಬಿಡಿ, ನೀವು ನಮ್ಮವರು. ನಾನು ಹೇಳಿದ್ದು ಉಳಿದವರ ಬಗ್ಗೆ' ಎಂಬ ಮಾತನ್ನು ಕೇಳಿಸಿಕೊಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.

ಇನ್ನು ಕೇಳುವಿಕೆಗೆ ಒಂದು ದೇಶವೇ ತನ್ನ ಕಿವಿಯನ್ನು ಒಪ್ಪಿಸಿದ ಉದಾಹರಣೆಯನ್ನು ನೋಡೋಣ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು 1995ರ ಕಾನೂನಿನಂತೆ ರಚಿತವಾಗಿ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ನಡೆದ ಸತ್ಯ ಮತ್ತು ಸಾಮರಸ್ಯ ಆಯೋಗವು 21,000ಕ್ಕೂ ಹೆಚ್ಚು ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿಕೊಂಡಿತು. ಅದರ ಬಹಿರಂಗ ವಿಚಾರಣೆಗಳು ರೇಡಿಯೊ ಮತ್ತು ಟಿವಿಯಲ್ಲಿ ಪ್ರಸಾರವಾದವು. ಮುಚ್ಚಿಹೋಗಿದ್ದ ಎಷ್ಟೋ ಸಾವುಗಳ ಸತ್ಯ ಹೊರಬಿತ್ತು ಎಂಬುದು ಸಣ್ಣ ಮಾತಲ್ಲ, ಅದನ್ನು ಹಗುರವಾಗಿ ಕಾಣುವ ಇಚ್ಛೆ ನನಗಿಲ್ಲ. ಆದರೆ ಸಂತ್ರಸ್ತರಿಗೆ ಆರು ವರ್ಷ ಕಾಲ ವಾರ್ಷಿಕ ಪರಿಹಾರ ಕೊಡಬೇಕೆಂದು ಆಯೋಗ ಶಿಫಾರಸು ಮಾಡಿದ್ದರೆ, 2003ರಲ್ಲಿ ಸರ್ಕಾರ ಘೋಷಿಸಿದ್ದು ತಲಾ 30,000 ರ‍್ಯಾಂಡ್, ಅದೂ ಒಂದೇ ಬಾರಿ. ವರ್ಣಭೇದದ ಕಾಲದಲ್ಲಿ ಲಾಭ ಮಾಡಿಕೊಂಡ ಉದ್ಯಮಗಳ ಮೇಲೆ ತೆರಿಗೆ ಹಾಕುವ ಸಲಹೆಯನ್ನು ಸರ್ಕಾರ ಒಪ್ಪಲೇ ಇಲ್ಲ. ಆಸ್ತಿ ಹಂಚಿಕೆಯ ವಿಷಯದಲ್ಲಿ ಆ ದೇಶ ಇಂದಿಗೂ ಜಗತ್ತಿನ ಅತ್ಯಂತ ಅಸಮಾನ ದೇಶಗಳಲ್ಲೊಂದು. ದರ್ಜಿ ಇಡೀ ದೇಶದ ಎದುರಿಗೆ ಅಳತೆ ತೆಗೆದ. ಬಟ್ಟೆ ಕೊಡುವವರು ಬರಲಿಲ್ಲ.

ಐರ್ಲೆಂಡ್, ಪೋರ್ಟೊ ಅಲೆಗ್ರೆಗಳ ಯಶಸ್ಸನ್ನು ಪರ ಪಕ್ಷ ತನ್ನ ಬತ್ತಳಿಕೆಯಿಂದ ತೆಗೆದಿದೆ, ಆದರೆ ಆ ಬಾಣಗಳು ನಾಟುವುದು ಬೇರೆಡೆ. ಒಂದರಲ್ಲಿ ಸಭೆಯ ಶಿಫಾರಸಿಗೆ ಸರ್ಕಾರ ಗೊತ್ತಾದ ಅವಧಿಯೊಳಗೆ ಉತ್ತರಿಸುವ ಹೊಣೆ ಹೊತ್ತಿತ್ತು, ಇನ್ನೊಂದರಲ್ಲಿ ನಗರದ ಹಣವೇ ಮೇಜಿನ ಮೇಲಿತ್ತು. ಅಲ್ಲಿ ಕೆಲಸ ಮಾಡಿದ್ದು ಹಸ್ತಾಂತರಗೊಂಡ ಅಧಿಕಾರ. ಮಾತು ಅದರ ವಾಹನ. ಅಮೆರಿಕದ ನೀತಿ ವಿಶ್ಲೇಷಕಿ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದಾಗ, ಮಾಹಿತಿ ಕೊಡುವುದನ್ನೂ ಅಭಿಪ್ರಾಯ ಕೇಳುವುದನ್ನೂ ಕೇವಲ ತೋರಿಕೆಯ ಮೆಟ್ಟಿಲುಗಳ ಸಾಲಿಗೆ ಸೇರಿಸಿದ್ದರು. ನಾನು ಕಂಡಿರುವ ಸಂವಾದಗಳಲ್ಲಿ ಬಹುಪಾಲು ಅದೇ ಮೆಟ್ಟಿಲಿನಲ್ಲಿ ನಿಂತು ಫೋಟೊ ತೆಗೆಸಿಕೊಂಡಂಥವು.

ಮನ ಒಲಿಸುವುದೇ ಉದ್ದೇಶವಾಗಿದ್ದರೆ ಅದಕ್ಕೆ ಸಭೆಯೂ ಬೇಕಿಲ್ಲ. 2016ರಲ್ಲಿ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ವರದಿ ಮಾಡಿದಂತೆ, ಮಯಾಮಿಯಲ್ಲಿ ಕಾರ್ಯಕರ್ತರು ಮನೆಬಾಗಿಲಿಗೆ ಹೋಗಿ ಸುಮಾರು ಹತ್ತು ನಿಮಿಷ ಮಾತನಾಡಿದ್ದರಿಂದ ಲಿಂಗಾಂತರಿಗಳ ಬಗೆಗಿನ ಪೂರ್ವಗ್ರಹ ಕಡಿಮೆಯಾಯಿತು, ಆ ಪರಿಣಾಮ ಕನಿಷ್ಠ ಮೂರು ತಿಂಗಳು ಉಳಿಯಿತು. ಮಾತನಾಡಿಸಲು ಹೋದವರು ಲಿಂಗಾಂತರಿಗಳೇ ಆಗಿರಬೇಕೆಂದೇನೂ ಇರಲಿಲ್ಲ. ಇತರರು ಹೋದಾಗಲೂ ಫಲ ಸಿಕ್ಕಿತು. ಅಂದರೆ ಕಲಿಸುವ ಹೊರೆಯನ್ನು ನೊಂದವರ ಹೆಗಲಿನಿಂದ ಇಳಿಸಲು ಸಾಧ್ಯವಿದೆ.

ಅಮೆರಿಕದಲ್ಲಿ ಸರ್ಕಾರದ ನೆರವು ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ತಾರತಮ್ಯ ಮಾಡಬಾರದೆಂಬ ಕಾನೂನು 1973ರಲ್ಲೇ ಬಂದಿತ್ತು. ಅದನ್ನು ಜಾರಿಗೆ ತರುವ ನಿಯಮಗಳು ನಾಲ್ಕು ವರ್ಷ ಕರಡು, ಸಮಾಲೋಚನೆ, ಮರುಪರಿಶೀಲನೆಗಳಲ್ಲೇ ಅಲೆದವು. 1977ರ ಏಪ್ರಿಲ್‌ನಲ್ಲಿ ಸುಮಾರು 150 ಮಂದಿ, ಗಾಲಿಕುರ್ಚಿಗಳಲ್ಲಿದ್ದವರೂ ದೃಷ್ಟಿಯಿಲ್ಲದವರೂ ಶ್ರವಣವಿಲ್ಲದವರೂ ಸೇರಿ, ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡವೊಂದರೊಳಗೆ ಹೋಗಿ ಕುಳಿತರು, ಮೂರು ವಾರ ಕಳೆದರೂ ಹೊರಗೆ ಬರಲಿಲ್ಲ. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. ಯಾವ ಮೆಟ್ಟಿಲಿಗೆ ಇಳಿಜಾರು ಬೇಕು, ಯಾವ ಬಾಗಿಲು ಎಷ್ಟು ಅಗಲವಿರಬೇಕು ಎಂದು ಸಂಸ್ಥೆಗಳು ಅವರನ್ನು ಕರೆದು ಕೇಳಬೇಕಾಗಿ ಬಂದದ್ದು ಆ ಸಹಿಯ ನಂತರ.