5ಜಿ ಚಿಹ್ನೆ ಬಂದ ಮಾತ್ರಕ್ಕೆ ಗೋಳು ಮುಗಿಯಲಿಲ್ಲ

‘ಕೊಡಗಿನ ಹಳ್ಳಿಗಳಲ್ಲೂ ಫೋನಿನಲ್ಲಿ 5ಜಿ ಕಾಣುತ್ತಿದೆ, ಇನ್ನು ನೆಟ್‌ವರ್ಕ್ ಗೋಳು ಮುಗಿದ ಹಾಗೆ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ನಾನು ಒಪ್ಪುವುದಿಲ್ಲ.

4ಜಿ ಜೊತೆ ಸೇರಿಸಿ ನಡೆಸುವ 5ಜಿಯಲ್ಲಿ ಯಜಮಾನಿಕೆ 4ಜಿಯದ್ದೇ. ಫೋನ್ ಮೊದಲು ಅದಕ್ಕೆ ಸೇರಬೇಕು. ಆಮೇಲೆ 4ಜಿ ಟವರ್ 5ಜಿ ಕಡೆಗೆ ‘ಇವರನ್ನೂ ಸೇರಿಸಿಕೋ’ ಎಂದು ಕೋರಿಕೆ ಕಳಿಸುತ್ತದೆ. ಈ ಫೋನಿಗೆ ಯಾವ ಬ್ಯಾಂಡ್‌ಗಳು (ಸಿಗ್ನಲ್ ಸಾಗುವ ತರಂಗಪಟ್ಟಿಗಳು) ಒಟ್ಟಿಗೆ ಆಗುತ್ತವೆ, 5ಜಿಗೆ ಸಿಗ್ನಲ್ ಕಳಿಸಲು ಫೋನ್ ಎಷ್ಟು ಪವರ್ ಬಳಸಬಹುದು ಎಂಬುದನ್ನೂ ತಿಳಿಸುತ್ತದೆ. ಆ ಕಡೆಯಿಂದ ಒಪ್ಪಿಗೆ ಬಂದರಷ್ಟೇ ಎರಡೂ ಕೂಡಿ ಕೆಲಸ. ಚಿಹ್ನೆಗೆ ಇಷ್ಟೆಲ್ಲ ಬೇಕಿಲ್ಲ. ‘ಇಲ್ಲಿ 5ಜಿ ಸಿಗಬಹುದು’ ಎಂದು 4ಜಿ ಟವರ್ ಸಾರಿದರೂ ಸಾಕು, ಎಷ್ಟೋ ಫೋನ್‌ಗಳು ತೋರಿಸಿಬಿಡುತ್ತವೆ.

ನಮ್ಮ ಮನೆ ನಾಪೋಕ್ಲು ಹತ್ತಿರ, ತೋಟದ ನಡುವೆ. ಕಾಫಿ ಕಣದಲ್ಲಿ ನಿಂತರೆ 5ಜಿ. ಸಿಲ್ವರ್ ಮರಗಳ ಸಾಲು ದಾಟಿ ಹತ್ತು ಹೆಜ್ಜೆ ಇಳಿದರೆ 4ಜಿಯ ಒಂದೇ ಕಡ್ಡಿ. ಹೋದ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಅಂತ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದೆ. ಚಿಹ್ನೆ 5ಜಿಯದ್ದೇ ಇತ್ತು, ಅಮ್ಮನ ಮುಖ ಮಾತ್ರ ಅರ್ಧಕ್ಕೆ ನಿಂತುಹೋಯಿತು. ಕೊನೆಗೆ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದೆವು.

ಇಂಥ ಕಡೆ 4ಜಿ ಕುಸಿದರೆ ಅದರ ಮೇಲೆ ನಿಂತ 5ಜಿಯೂ ಹೋಯಿತು, ಅಲ್ವಾ? ಮುಂದಿನ ಲೇಖನದಲ್ಲಿ ದಯವಿಟ್ಟು ಇದನ್ನು ಕೇಳಿ ಬರೆಯಿರಿ: ಕರೆಂಟ್ ಹೋದಾಗ ನಮ್ಮ 4ಜಿ ಟವರ್‌ಗಳ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ?