ಹೆಂಗೂ ಬಡೀತಿದೀಯಲ್ಲ

ನಿನ್ನೆ ಬೆಳಿಗ್ಗೆ ನನ್ನ ಮೂರು ಭಾನುವಾರದ ಕೆಲಸ ಪಕ್ಕದ ಮನೆಯ ಒಲೆಯ ಮೇಲೆ ಕೂತು ಶೇಂಗಾ ಹುರಿಯುತ್ತಿತ್ತು. ವಾಸನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಅದು ಬಾಣಲೆ ಅಲ್ಲ. ಶಿರಸ್ತ್ರಾಣದ ನೆತ್ತಿ.

ಭಾನುವಾರ ಬಂದರೆ ಚಿತ್ರದುರ್ಗದ ಜನ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ನೆಂಟರು ಬಂದಿದ್ದರೆ ಕೋಟೆ ಹತ್ತಿಸುತ್ತಾರೆ. ಹುಡುಗರು ಜೋಗಿಮಟ್ಟಿ ಕಡೆ ಬೈಕ್ ತಿರುಗಿಸುತ್ತಾರೆ. ಮಿಕ್ಕವರು ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿಂದು ಬರುತ್ತಾರೆ. ನಾನು ಹಿತ್ತಲಲ್ಲಿ ಕೂತು ಕಬ್ಬಿಣದ ತಗಡು ಬಡಿದು, ಯುರೋಪಿನ ಹಳೇ ಕಾಲದ ಸೈನಿಕರು ಹಾಕುತ್ತಿದ್ದಂಥ ಶಿರಸ್ತ್ರಾಣ ಮಾಡುತ್ತೇನೆ. ಯಾಕೆ ಅಂತ ಕೇಳಬೇಡಿ. ಅಂಚೆಚೀಟಿ ಕೂಡಿಡುವವರನ್ನು ಯಾರೂ ಕೇಳೋದಿಲ್ಲ. ಅಂಚೆಚೀಟಿ ಸದ್ದು ಮಾಡೋದಿಲ್ಲ, ಅಷ್ಟೇ ವ್ಯತ್ಯಾಸ.

ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಒನಕೆ ಏಟು ತಡೀತದಾ?" ನಮ್ಮೂರಲ್ಲಿ ಹುಟ್ಟಿದವರಿಗೆ ಯುದ್ಧ ಅಂದರೆ ಕಿಂಡಿ, ಓಬವ್ವ, ಒನಕೆ. ಆ ಕಿಂಡಿಯಲ್ಲಿ ತಲೆ ತೂರಿಸಿದವರು ಹೈದರಾಲಿ ಕಡೆಯವರು. ಹಾಗಾಗಿ ತಲೆ ಕಾಪಾಡುವ ಸಾಮಾನು ಮಾಡುವ ನಾನು ಯಾವ ಕಡೆಯವನು ಅಂತ ಅವರಿಗೆ ಅನುಮಾನ.

ಮೊದಲು ಮಾಡಿದ್ದು ಗ್ರೇಟ್ ಹೆಲ್ಮ್. 13ನೇ ಶತಮಾನದ ಕುದುರೆ ಸವಾರರು ಹಾಕುತ್ತಿದ್ದದ್ದು. ಬಕೆಟ್ ಬೋರಲು ಹಾಕಿ, ಕಣ್ಣಿಗೊಂದು ಸೀಳು, ಉಸಿರಿಗೆ ನಾಲ್ಕು ತೂತು ಕೊಟ್ಟ ಹಾಗಿರುತ್ತದೆ. ತಗಡು ಕತ್ತರಿಸಿ, ಬಗ್ಗಿಸಿ, ರಿವೆಟ್ ಹೊಡೆದರೆ ಮುಗೀತು. ನನ್ನ ತಲೆಗೆ ಸರಿಯಾಗಿ ಕೂತಿತು. ಅದೇ ತಪ್ಪು. ಒಳಗೆ ಮೆತ್ತೆ ಹಾಕಲು ಸುತ್ತ ಜಾಗ ಬಿಡಬೇಕಿತ್ತು. ಅದನ್ನು ತಲೆಯಿಂದ ಬಿಡಿಸಿದ ಕಥೆ ಇಲ್ಲಿ ಬೇಡ. ಕಿವಿ ಈಗ ಸರಿಯಾಗಿದೆ.

ಎರಡನೆಯದು ಕೆಟಲ್ ಹ್ಯಾಟ್. ಇದು ಕಾಲಾಳುಗಳದ್ದು. ನಡುವೆ ಬೋಗುಣಿಯಂಥ ನೆತ್ತಿ, ಸುತ್ತ ಅಗಲವಾದ ಅಂಚು. ಕೋಟೆಗೆ ಮುತ್ತಿಗೆ ಹಾಕುವಾಗ ಮೇಲಿಂದ ಬೀಳುವ ಕಲ್ಲು, ಬಾಣ ಆ ಅಂಚಿಗೆ ಬಡಿದು ಜಾರಿ ಹೋಗಬೇಕು. ಏಳು ಸುತ್ತಿನ ಕೋಟೆ ಇರುವ ಊರಿಗೆ ಇದಕ್ಕಿಂತ ಸರಿಯಾದದ್ದು ಇನ್ನೇನಿದೆ ಹೇಳಿ.

16 ಗೇಜ್ ತಗಡು, ಅಂದರೆ 1.6 ಮಿಲಿಮೀಟರ್ ದಪ್ಪ. 13 ಇಂಚು ಅಗಲಕ್ಕೆ ದುಂಡಗೆ ಕತ್ತರಿಸಿದರೆ ಒಂದು ಕೆಜಿಗೆ ಸ್ವಲ್ಪ ಜಾಸ್ತಿ ತೂಗುತ್ತದೆ. ಬೇವಿನ ಕೊರಡಿನಲ್ಲಿ ಒಂದು ಗುಳಿ ಕೆತ್ತಿ, ತಗಡನ್ನು ಅದರ ಮೇಲಿಟ್ಟು, ಗುಂಡು ಮೂತಿಯ ಸುತ್ತಿಗೆಯಿಂದ ಸುತ್ತ ಸುತ್ತ ಬಡಿಯಬೇಕು. ಅಂಚಿನಲ್ಲಿ ಸೀರೆಯ ನೆರಿಗೆಯಂತೆ ಮಡಿಕೆ ಏಳುತ್ತದೆ. ಅದನ್ನು ಆಗಲೇ ತಟ್ಟಿ ಕೂರಿಸದಿದ್ದರೆ ಒಂದರ ಮೇಲೊಂದು ಮಡಿಚಿಕೊಂಡು ಬಿರುಕು ಬಿಡುತ್ತದೆ. ಬಡಿದಷ್ಟೂ ಕಬ್ಬಿಣ ಹಟ ಹಿಡಿಯುತ್ತದೆ. ಆಗ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟರೆ ಮತ್ತೆ ಮಾತು ಕೇಳುತ್ತದೆ. ಮನೆಯಲ್ಲಿ ಬೇರೆ ಯಾರ ಮೇಲೂ ಈ ಉಪಾಯ ನಡೆಯೋದಿಲ್ಲ.

ಇಷ್ಟರಲ್ಲಿ ಅಜ್ಜಿ ಬರುತ್ತಾರೆ.

ಪಕ್ಕದ ಮನೆ ಅಜ್ಜಿ ಬಾಗಿಲಿನಿಂದ ಬರುವವರಲ್ಲ. ನಾನು ನಾಲ್ಕನೇ ಏಟು ಹಾಕುವಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಮೊದಲು ಬಿಳೀ ತುರುಬು ಕಾಣುತ್ತದೆ. ಆಮೇಲೆ ಕನ್ನಡಕ. ಆಮೇಲೆ ಒಂದು ಪಾತ್ರೆ. "ಹೆಂಗೂ ಬಡೀತಿದೀಯಲ್ಲ ತಮ್ಮಾ, ಇದನ್ನೂ ಒಂಚೂರು ಬಡಿ."

ಮೊದಲ ವಾರ ಸೊಟ್ಟಾದ ಹಿತ್ತಾಳೆ ಚೊಂಬು. ಸರಿ, ಅಜ್ಜಿ ಕೇಳಿದ್ದಾರೆ, ಎರಡು ಏಟಿನ ಕೆಲಸ. ಮುಂದಿನ ವಾರ ಇಡ್ಲಿ ತಟ್ಟೆ. ಆಮೇಲೆ ಹಾಲಿನ ಕ್ಯಾನು, ಮೊಮ್ಮಗನ ಸೈಕಲ್ ಮಡ್‌ಗಾರ್ಡ್, ಬಾಗಿಲ ಚಿಲಕ. ಒಂದು ಸಲ ಏನೂ ಸಿಗಲಿಲ್ಲ ಅಂತ ಕಾಣುತ್ತೆ, ಕೊಬ್ಬರಿ ಗಿಟುಕು ತಂದಿದ್ದರು. "ಹೆಂಗೂ ಬಡೀತಿದೀಯಲ್ಲ." ಒಡೆದು ಕೊಟ್ಟೆ. ಸುಮ್ಮನೆ ಕೂತರೂ ಬಿಡುವುದಿಲ್ಲ. ಸದ್ದು ನಿಂತ ಐದು ನಿಮಿಷಕ್ಕೆ ತುರುಬು ಏಳುತ್ತದೆ. "ಯಾಕಪ್ಪಾ, ಮೈಯಾಗೆ ಹುಷಾರಿಲ್ವಾ?"

ಬೀದಿಗೆಲ್ಲಾ ಸುದ್ದಿ ಹೋಯಿತು. ಈಗ ಭಾನುವಾರ ನನ್ನ ಗೇಟಿನ ಹತ್ತಿರ ಕುಕ್ಕರ್ ಮುಚ್ಚಳಗಳ ಸಾಲು. ನನಗೆ ಉರಿಯುತ್ತದೆ. ನೇರವಾಗಿ ಹೇಳೋಣ ಅಂತ ಒಂದು ದಿನ ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಮಜ್ಜಿಗೆ ಲೋಟ ಚಾಚಿ, "ಕಲಾಯಿಯವನು ಬರೋದು ಬಿಟ್ಟ ಮ್ಯಾಲೆ ಈ ಚೊಂಬು ಅಟ್ಟದ ಮ್ಯಾಲೇ ಇತ್ತು ಕಣಪ್ಪ. ಯಾರಿಗೆ ಕೊಡ್ಲಿ?" ಅಂದರು.

ನನಗೂ ಅವನು ನೆನಪಿದ್ದಾನೆ. ಬೀದಿ ಕೊನೆಯಲ್ಲಿ ನೆಲ ಅಗೆದು ತಿದಿ ಹೂಡುತ್ತಿದ್ದ. ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಉದುರಿಸಿದರೆ ಬಿಳೀ ಹೊಗೆ ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ, ಬಟ್ಟೆಯಿಂದ ಒಂದು ಸಲ ಸುತ್ತಿ ಒರೆಸಿದರೆ ಒಳಗೆಲ್ಲಾ ಬೆಳ್ಳಿ. ಸ್ಕೂಲಿಗೆ ಹೊತ್ತಾದರೂ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ. ಸ್ಟೀಲ್ ಪಾತ್ರೆ ಬಂದಮೇಲೆ ಅವನು ಯಾವ ಭಾನುವಾರದಿಂದ ಬರಲಿಲ್ಲ ಅಂತ ಯಾರೂ ಗಮನಿಸಲಿಲ್ಲ.

ಮಜ್ಜಿಗೆ ಕುಡಿದು ಮುಚ್ಚಳ ಬಡಿದೆ.

ಆದರೆ ನಿನ್ನೆಯದು ಬೇರೆ. ನೆತ್ತಿಯನ್ನು ಬೂದಿಯಿಂದ ತೆಗೆದು, ತೊಳೆದು, ಗೋಡೆಯ ಮೇಲೆ ಇಟ್ಟಿದ್ದೆ. ಬುಧವಾರದಿಂದ ಕಾಣೆ. ಹೆಂಡತಿಯನ್ನು ಕೇಳಿದರೆ, "ಅಜ್ಜಿ ಆ ಬಾಣಲೆ ಕೇಳಿದ್ರು, ಕೊಟ್ಟೆ" ಅಂದಳು. ಬಾಣಲೆ ಅಲ್ಲ ಕಣೇ ಅಂದೆ. "ಕೆಟಲ್ ಅಂತ ನೀವೇ ಹೇಳಿದ್ರಲ್ಲ" ಅಂದಳು. ಅದೂ ನಿಜವೇ. ಅಡುಗೆ ಪಾತ್ರೆಯ ಹಾಗೆ ಕಾಣುತ್ತೆ ಅಂತಲೇ ಇಂಗ್ಲಿಷಿನವರು ಅದಕ್ಕೆ ಆ ಹೆಸರಿಟ್ಟದ್ದು. ಜಗಳ ಮುಂದುವರಿಸಲು ನನ್ನ ಹತ್ತಿರ ಏನೂ ಉಳಿಯಲಿಲ್ಲ.

ಅಜ್ಜಿ ಅಡುಗೆಮನೆಗೆ ಹೋದೆ. ನೋಡಿದರೆ ಒಳಗೆ ಹೊರಗೆ ಕಪ್ಪಗೆ ಮಿನುಗುತ್ತಿದೆ. "ಮೂರು ದಿನ ಎಣ್ಣೆ ಸವರಿ, ಈರುಳ್ಳಿ ಹುರಿದು ಪಳಗಿಸಿದೀನಿ ನೋಡು." ಇಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಕಾದ ಕಬ್ಬಿಣಕ್ಕೆ ಎಣ್ಣೆ ಹಿಡಿಸಿ ಕಪ್ಪು ಮಾಡಿದರೆ ಬೇಗ ತುಕ್ಕು ಹಿಡಿಯೋದಿಲ್ಲ. ಶಿರಸ್ತ್ರಾಣಕ್ಕೂ ಹಾಗೇ ಮಾಡುತ್ತಾರೆ. ನಾನು ಅಗಸೆ ಎಣ್ಣೆ ತಂದು ಮೂರು ಸಲ ಮಾಡಿದೆ. ಮೂರು ಸಲವೂ ಹುಳುಕಡ್ಡಿ ಎದ್ದ ಹಾಗೆ ತೇಪೆ ತೇಪೆ ಬಂತು.

"ಆದ್ರೆ ತಮ್ಮಾ," ಅಂದರು ಅಜ್ಜಿ, ಸೀದ ನಾಲ್ಕು ಬೀಜ ಎತ್ತಿ ತೋರಿಸಿ, "ನಡುಮಧ್ಯೆ ತೆಳ್ಳಗಾಗೈತೆ. ಅಲ್ಲೇ ಸೀಯ್ತದೆ."

ಬಾಯಿ ಕಟ್ಟಿತು. ಗುಳಿಯಲ್ಲಿ ಬಡಿದರೆ ನಡುಭಾಗ ಹಿಗ್ಗಿ ತೆಳುವಾಗುತ್ತದೆ. ಏಟು ಬೀಳುವುದೂ ಅಲ್ಲಿಗೇ. ಒನಕೆ ತಡೀತದಾ ಅಂತ ಆಫೀಸಿನವರು ಒಂದು ವರ್ಷದಿಂದ ಕೇಳುತ್ತಿದ್ದದ್ದಕ್ಕೆ ಅಜ್ಜಿ ಶೇಂಗಾ ಹುರಿದು ಉತ್ತರ ಕೊಟ್ಟುಬಿಟ್ಟರು. ತಡೆಯೋದಿಲ್ಲ.

ವಾಪಸ್ ಕೇಳಲಿಲ್ಲ. ಮೆತ್ತೆ ಕಟ್ಟಲು ಅಂಚಿನಲ್ಲಿ ತೂತು ಮೊದಲೇ ಕೊರೆದಿದ್ದೆ. ಅದಕ್ಕೇ ಎರಡು ಕಿವಿ ಕೂರಿಸಿ ರಿವೆಟ್ ಹೊಡೆದು ಕೊಟ್ಟೆ. ಸಂಜೆ ಎದುರುಮನೆಯವರು ಗೇಟಿನ ಹತ್ತಿರ ನಿಂತಿದ್ದರು.

"ಅಣ್ಣಾ, ನಮಗೂ ಒಂದು. ಅಷ್ಟು ದೊಡ್ಡದು ಬೇಡ. ಒಗ್ಗರಣೆಗೆ, ಚಿಕ್ಕ ತಲೆಯದು ಸಾಕು."